ನಾಲ್ವರು ಹೇಳಿದ ನಾಲ್ಕು ತೂಕ: ನಾನು ಯಾವುದಕ್ಕೆ ಇಳಿಯಬೇಕು?

ಪ್ರಶ್ನೆ: ನನಗೆ 46 ವರ್ಷ, ಮಂಡ್ಯದಲ್ಲಿ ಪ್ರೌಢಶಾಲಾ ಶಿಕ್ಷಕಿ. ಎತ್ತರ 158 ಸೆಂಟಿಮೀಟರ್, ತೂಕ 76 ಕಿಲೋ. 23ನೇ ವಯಸ್ಸಿನಲ್ಲಿ ಮದುವೆಯಾದಾಗ 54 ಕಿಲೋ ಇದ್ದೆ. ಎರಡು ಹೆರಿಗೆಯಾದ ಮೇಲೆ 66–67ಕ್ಕೆ ಬಂದು ಏಳೆಂಟು ವರ್ಷ ಅಲ್ಲೇ ನಿಂತಿತ್ತು. ನಲವತ್ತು ದಾಟಿದ ಮೇಲೆ ಏರಿದೆ. ಮೂರು ವರ್ಷದ ಹಿಂದೆ ಊಟದ ಬದಲು ಯಾವುದೋ ಪುಡಿ ಕಲಸಿ ಕುಡಿದು ನಾಲ್ಕೇ ತಿಂಗಳಲ್ಲಿ 64ಕ್ಕೆ ಇಳಿದಿದ್ದೆ. ವರ್ಷ ತುಂಬುವುದರೊಳಗೆ ಎಲ್ಲವೂ ವಾಪಸು ಬಂತು. ಈಗ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ) 6.1, ಬಿಪಿ 138/86, ಮೆಟ್ಟಿಲು ಹತ್ತುವಾಗ ಮಂಡಿನೋವು. ಥೈರಾಯ್ಡ್ ಸರಿಯಾಗಿದೆ. ವೈದ್ಯರು ‘ತೂಕ ಇಳಿಸಿ’ ಎಂದರು, ಎಷ್ಟು ಎಂದು ಹೇಳಲಿಲ್ಲ. ಜಿಮ್‌ನವರು ಕಾರ್ಡಿನಲ್ಲಿ 53 ಎಂದು ಬರೆದುಕೊಟ್ಟಿದ್ದಾರೆ. ಮೊಬೈಲ್ ಆ್ಯಪ್ 57 ಎನ್ನುತ್ತದೆ. ನನಗೆ ಮತ್ತೆ 54 ಆಗುವ ಆಸೆ. ಅತ್ತೆಯವರು ‘65ಕ್ಕಿಂತ ಕೆಳಗಿಳಿದರೆ ಮುಖ ಬತ್ತಿಹೋಗುತ್ತೆ’ ಎನ್ನುತ್ತಾರೆ. ಯಾವುದನ್ನು ಗುರಿಯಾಗಿಟ್ಟುಕೊಳ್ಳಲಿ?

ಉತ್ತರ: ಮೊದಲು ಅಂಕಿಯನ್ನೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ನಿಮ್ಮ ಈಗಿನ ಗುರಿ 70ರಿಂದ 71 ಕಿಲೋ. ಅಲ್ಲಿಗೆ ತಲುಪಲು ಐದಾರು ತಿಂಗಳು ತೆಗೆದುಕೊಳ್ಳಿ. ತಲುಪಿದ ಮೇಲೆ ಕನಿಷ್ಠ ಮೂರು ತಿಂಗಳು ಅಲ್ಲೇ ನಿಂತು, ರಕ್ತಪರೀಕ್ಷೆ ಮಾಡಿಸಿ, ಅಗತ್ಯ ಕಂಡರೆ 66–67ಕ್ಕೆ ಇಳಿಯುವ ಮಾತನ್ನು ಆಗ ಆಡೋಣ. 54 ನಿಮ್ಮ ಗುರಿಯಲ್ಲ, 53 ಅಂತೂ ಅಲ್ಲವೇ ಅಲ್ಲ. ನೀವು ಬರೆದಿರುವ ಅಂಕಿಗಳಲ್ಲಿ ನನ್ನದಕ್ಕೆ ಹೆಚ್ಚು ಹತ್ತಿರವಿರುವುದು ನಿಮ್ಮ ಅತ್ತೆಯವರದು. ಅವರ ಕಾರಣ ಬೇರೆ, ನನ್ನ ಕಾರಣ ಬೇರೆ, ಅಷ್ಟೆ.

ಜಿಮ್‌ನವರ 53 ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಎತ್ತರದ ಸೆಂಟಿಮೀಟರಿನಲ್ಲಿ 100 ಕಳೆದರೆ ಗಂಡಸಿನ ತೂಕ, 105 ಕಳೆದರೆ ಹೆಂಗಸಿನ ತೂಕ ಎಂಬ ಲೆಕ್ಕ ನಮ್ಮಲ್ಲಿ ಬಹಳ ಕಾಲದಿಂದ ಬಾಯಿಂದ ಬಾಯಿಗೆ ಬಂದಿದೆ. ಅದರ ಬೇರು 19ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರ ಹೆಸರಿನಲ್ಲಿರುವ ಸೂತ್ರದಲ್ಲಿದೆ. ಕಾಗದ ಪೆನ್ನು ಇಲ್ಲದೆ ಮನಸ್ಸಿನಲ್ಲೇ ಮಾಡಬಹುದು ಎಂಬುದೇ ಅದರ ದೊಡ್ಡ ಗುಣ. ಆದರೆ ಕುಳ್ಳಗಿರುವವರಿಗೆ ಅದು ಬಿಗಿ, ಎತ್ತರವಿರುವವರಿಗೆ ಸಡಿಲ. ನೂರು ಕಳೆಯುವ ಲೆಕ್ಕವನ್ನೇ ತೆಗೆದುಕೊಂಡರೂ 145 ಸೆಂಟಿಮೀಟರ್ ಎತ್ತರದವರಿಗೆ ಅದು 45 ಕಿಲೋ ಎನ್ನುತ್ತದೆ, ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ, ಅದರ ಲೆಕ್ಕ ಮುಂದೆ ಇದೆ) 21.4, 182 ಸೆಂಟಿಮೀಟರ್ ಇರುವವರಿಗೆ 82 ಕಿಲೋ ಎನ್ನುತ್ತದೆ, ಅಂದರೆ ಬಿಎಂಐ 24.8. ಒಬ್ಬರನ್ನು ತೆಳ್ಳಗಿನ ಕಡೆಗೆ ಎಳೆದು ಇನ್ನೊಬ್ಬರನ್ನು ಬೊಜ್ಜಿನ ಹೊಸಿಲ ಮೇಲೆ ನಿಲ್ಲಿಸುವ ಈ ಲೆಕ್ಕದಲ್ಲಿ ವಯಸ್ಸಿಗಾಗಲಿ, ಹೆರಿಗೆಗಾಗಲಿ, ಸಕ್ಕರೆಯ ಅಂಶಕ್ಕಾಗಲಿ ಜಾಗವಿಲ್ಲ.

ಆ್ಯಪ್‌ನ 57 ಬಂದಿರುವುದು ಬಿಎಂಐಯಿಂದ. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಅದು. ನಿಮ್ಮದು ಈಗ 30.4. ಈ ಅನುಪಾತವನ್ನು 1830ರ ದಶಕದಲ್ಲಿ ಕಂಡುಕೊಂಡ ಬೆಲ್ಜಿಯಂನ ಅಡಾಲ್ಫ್ ಕೆಟಲೆ ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರ ಬಲ್ಲವರು. ಜನಸಮೂಹದಲ್ಲಿ ಎತ್ತರಕ್ಕೂ ತೂಕಕ್ಕೂ ಇರುವ ಸರಾಸರಿ ಸಂಬಂಧವನ್ನು ಅವರು ಹುಡುಕುತ್ತಿದ್ದರೇ ಹೊರತು ಒಬ್ಬ ಶಿಕ್ಷಕಿ ಎಷ್ಟಿರಬೇಕೆಂದು ಹೇಳಹೊರಟಿರಲಿಲ್ಲ. ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರು ಬಿದ್ದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರಿಂದ. ಭಾರತೀಯರಿಗೆ 23ರಿಂದ ಮೇಲೆ ಅಧಿಕ ತೂಕ, 25ರಿಂದ ಮೇಲೆ ಬೊಜ್ಜು ಎಂದು ನಮ್ಮ ದೇಶದ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದರು. 158 ಸೆಂಟಿಮೀಟರಿಗೆ 23 ಎಂದರೆ 57 ಕಿಲೋ ಚಿಲ್ಲರೆ. ಆ್ಯಪ್ ಮಾಡಿದ್ದು ಇಷ್ಟೇ ಗುಣಾಕಾರ.

ಪಾಶ್ಚಾತ್ಯರಿಗೆ 25 ಇರುವ ಗೆರೆ ನಮಗೇಕೆ 23ಕ್ಕೆ ಇಳಿಯಿತು ಎಂಬುದಕ್ಕೆ ಉತ್ತರದ ಒಂದು ತುಣುಕು ಮೈಸೂರಿನಲ್ಲೇ ಸಿಕ್ಕಿದೆ. ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆಯಾದ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆಯ ದಾಖಲೆಗಳು ಉಳಿದುಕೊಂಡಿದ್ದವು. ಅವುಗಳ ಜಾಡು ಹಿಡಿದು, 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ನಡುವಯಸ್ಸಿನಲ್ಲಿ ಪತ್ತೆಮಾಡಿ ಪರೀಕ್ಷಿಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಹಗುರವಾಗಿದ್ದವರಲ್ಲೇ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚಾಗಿ ಕಂಡಿತು. ಹುಟ್ಟುವಾಗಲೇ ಸ್ನಾಯು ಕಡಿಮೆ, ಅದಕ್ಕೆ ಹೋಲಿಸಿದರೆ ಕೊಬ್ಬು ಹೆಚ್ಚು ಇರುವ ನಮ್ಮ ಮೈಕಟ್ಟನ್ನು ಬಹುಕಾಲ ಅಧ್ಯಯನ ಮಾಡಿದವರು ಪುಣೆಯ ಡಾ. ಯಾಜ್ಞಿಕ್. 2004ರಲ್ಲಿ ಅವರೂ ಲಂಡನ್ನಿನ ಡಾ. ಯುಡ್ಕಿನ್ ಅವರೂ ಪಕ್ಕಪಕ್ಕದಲ್ಲಿ ನಿಂತ ಚಿತ್ರವೊಂದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು: ಇಬ್ಬರ ಬಿಎಂಐಯೂ 22.3, ಆದರೆ ಮೈಯ ಕೊಬ್ಬು ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ತಕ್ಕಡಿಗೆ ಅವರಿಬ್ಬರಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ.

ಇದನ್ನೆಲ್ಲ ಓದಿ ‘ಹಾಗಾದರೆ ನಾನು 57ಕ್ಕೇ ಇಳಿಯಬೇಕಲ್ಲ’ ಎಂದು ನಿಮಗನ್ನಿಸಬಹುದು. ಎಡವುವುದು ಇಲ್ಲೇ. 23 ಎಂಬುದು ಅಪಾಯ ಎಲ್ಲಿಂದ ಶುರುವಾಗುತ್ತದೆಂದು ತಿಳಿಸುವ ಗೆರೆ. ಅದನ್ನು ಎಂದೋ ದಾಟಿ ಮುಂದೆ ಬಂದವರು ಎಲ್ಲಿಗೆ ಹಿಂದಿರುಗಿದರೆ ಲಾಭವೆಂದು ಅದು ಹೇಳುವುದಿಲ್ಲ. ಮಂಡ್ಯದವರಿಗೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ದಿನಾ ಓದುವ ಸುದ್ದಿ. 124.80 ಅಡಿ ಮುಟ್ಟುತ್ತಿದ್ದಂತೆ ನದಿದಂಡೆಯವರಿಗೆ ಎಚ್ಚರಿಕೆ ಕೊಡುತ್ತಾರೆ. ಒಳಹರಿವು ತಗ್ಗಿ ನೀರು ಕೆಲವು ಅಡಿ ಇಳಿದರೆ ಆತಂಕದ ಬಹುಪಾಲು ಕಳೆಯುತ್ತದೆ. ಅದಕ್ಕಾಗಿ ಕಟ್ಟೆಯ ತಳ ಕಾಣಬೇಕಾಗಿಲ್ಲ. ತೂಕದ ವಿಷಯದಲ್ಲೂ ಮೊದಲ ಐದಾರು ಕಿಲೋ ಕೊಡುವಷ್ಟು ಲಾಭವನ್ನು ಕೊನೆಯ ಐದಾರು ಕಿಲೋ ಕೊಡುವುದಿಲ್ಲ, ಆದರೆ ಕಷ್ಟ ಮಾತ್ರ ಕೊನೆಯ ಕಿಲೋಗಳಿಗೇ ಹೆಚ್ಚು.

ಆದ್ದರಿಂದ ನಾನು ಗುರಿಯನ್ನು ಎತ್ತರದಿಂದ ಆರಂಭಿಸಿ ಲೆಕ್ಕ ಹಾಕುವುದಿಲ್ಲ, ತೊಂದರೆಯಿಂದ ಆರಂಭಿಸುತ್ತೇನೆ. ನಿಮ್ಮ ತೊಂದರೆಗಳು ಮೂರು: ಸಕ್ಕರೆ ಕಾಯಿಲೆಯ ಅಂಚು, ಮೇಲಿನ ಅಂಚಿಗೆ ಬಂದಿರುವ ಬಿಪಿ, ಮಂಡಿ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅದು ಕಾಯಿಲೆಗೆ ಮುಂಚಿನ ಘಟ್ಟ. ಅಮೆರಿಕದಲ್ಲಿ ಇಂಥ ಘಟ್ಟದಲ್ಲಿದ್ದ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ಇರುವ ತೂಕದಲ್ಲಿ ಶೇ. 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ ಮಾಡುವುದು. ಏನೂ ವಿಶೇಷ ಮಾಡದ ಗುಂಪಿಗೆ ಹೋಲಿಸಿದರೆ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ತಿರುಗಿದವರ ಪ್ರಮಾಣ ಶೇ. 58ರಷ್ಟು ಕಡಿಮೆಯಾಯಿತು. ಅಲ್ಲಿ ಯಾರಿಗೂ ಮದುವೆಯ ದಿನದ ತೂಕಕ್ಕೆ ಮರಳಿ ಎಂದು ಹೇಳಿರಲಿಲ್ಲ. 76ರಲ್ಲಿ ಶೇ. 7 ಎಂದರೆ 5.3 ಕಿಲೋ, ನಿಮಗೆ ನಾನು ಹೇಳಿದ 70–71 ಹುಟ್ಟಿದ್ದು ಹೀಗೆ.

ನಮ್ಮ ದೇಶದ ಪ್ರಯೋಗ ಇನ್ನೂ ಕುತೂಹಲದ್ದು. ಚೆನ್ನೈನಲ್ಲಿ ಇಂಥದೇ ಘಟ್ಟದಲ್ಲಿದ್ದ 531 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡ ಗುಂಪಿಗೆ ಅಪಾಯ ಶೇ. 28.5ರಷ್ಟು ತಗ್ಗಿತು. ಅವರ ಸರಾಸರಿ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಇರಲಿಲ್ಲ. ತಕ್ಕಡಿಯ ಮುಳ್ಳು ಅಲುಗದ ತಿಂಗಳಲ್ಲಿ ‘ಎಲ್ಲ ವ್ಯರ್ಥ’ ಎಂದು ನಡಿಗೆ ಬಿಡುವವರಿಗೆ ನಾನು ಈ ಅಧ್ಯಯನದ ಕಥೆ ಹೇಳುತ್ತೇನೆ.

ಬಿಪಿಯ ಲೆಕ್ಕ ಇನ್ನೂ ಸರಳ: ಇಳಿದ ಒಂದೊಂದು ಕಿಲೋಗೆ ಸರಾಸರಿ ಒಂದು ಅಂಕಿಯಷ್ಟು ಇಳಿಯುತ್ತದೆ ಎಂದಿಟ್ಟುಕೊಳ್ಳಿ, ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದರೆ ಅದಕ್ಕಿಂತ ಹೆಚ್ಚೂ ಇಳಿಯಬಹುದು. ಮಂಡಿಯ ಲೆಕ್ಕ ನಿಮಗೆ ಹೆಚ್ಚು ಉತ್ಸಾಹ ಕೊಡಬೇಕು. ಮಂಡಿ ಸವೆತ ಇರುವ ಹಿರಿಯರಲ್ಲಿ ಅಳೆದು ನೋಡಿದಾಗ, ಮೈಯ ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಕಂಡುಬಂದಿದೆ. ಐದು ಕಿಲೋ ಇಳಿಸಿದರೆ ಹೆಜ್ಜೆಗೆ ಇಪ್ಪತ್ತು ಕಿಲೋ. ಶಾಲೆಯಲ್ಲಿ ದಿನಕ್ಕೆ ನಾಲ್ಕು ಪೀರಿಯಡ್ ನಿಂತು, ಎರಡು ಸಲ ಮಹಡಿ ಹತ್ತಿಳಿಯುವ ನಿಮಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು 66–67ರ ಮಾತು. ಹೊಸದಾಗಿ ಬರುವವರನ್ನು ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಮೂವತ್ತು ದಾಟಿದ ಮೇಲೆ, ವಿಶೇಷ ಪಥ್ಯವೇನೂ ಮಾಡದೆ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮ ಮೈ ನಿಂತಿದ್ದ ಅತ್ಯಂತ ಕಡಿಮೆ ತೂಕ ಎಷ್ಟು? ಬಹಳ ಜನಕ್ಕೆ ನೆನಪಿರುವುದಿಲ್ಲ. ಹಳೆಯ ಆಸ್ಪತ್ರೆ ಚೀಟಿ, ಎಲ್‌ಐಸಿ ಪಾಲಿಸಿಯ ವೈದ್ಯಕೀಯ ವರದಿ, ತಾಯಿ ಕಾರ್ಡುಗಳಲ್ಲಿ ಹುಡುಕಿಸುತ್ತೇನೆ. ನಿಮಗೆ ಉತ್ತರ ಗೊತ್ತಿದೆ: ಎರಡು ಮಕ್ಕಳ ತಾಯಿಯಾಗಿ, ಕೆಲಸಕ್ಕೆ ಹೋಗುತ್ತಾ, ಮನೆಯ ಅಡುಗೆಯನ್ನೇ ಉಣ್ಣುತ್ತಾ ಏಳೆಂಟು ವರ್ಷ 66–67ರಲ್ಲಿ ಇದ್ದಿರಿ. ನಿಮ್ಮ ಬದುಕಿನ ರೀತಿ ಆ ತೂಕವನ್ನು ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಪುಡಿ ಕುಡಿದು ಮುಟ್ಟಿದ 64 ಆ ಸಾಲಿಗೆ ಸೇರುವುದಿಲ್ಲ. ಮುಟ್ಟಿದ್ದು ನಿಜ, ಆದರೆ ಅಲ್ಲಿ ವಾಸ ಮಾಡಲಿಲ್ಲ.

ಗುರಿ ತೂಕವೆಂದರೆ ಇಳಿದು ಮುಟ್ಟುವ ತೂಕ ಎಂದು ಎಲ್ಲರೂ ಭಾವಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಮುಟ್ಟಿದ ಮೇಲೆ ಹತ್ತು ವರ್ಷ ಕಾಪಾಡಿಕೊಳ್ಳುವ ತೂಕ, ಆದ್ದರಿಂದ ಅದನ್ನು ಕಾಯುವ ಖರ್ಚನ್ನು ಮೊದಲೇ ನೋಡಬೇಕು. ತೂಕ ಒಂದು ಕಿಲೋ ಇಳಿದಂತೆ ಮೈ ದಿನಕ್ಕೆ ಖರ್ಚು ಮಾಡುವ ಶಕ್ತಿ ಸುಮಾರು 20ರಿಂದ 30 ಕ್ಯಾಲೊರಿಯಷ್ಟು ಕಡಿಮೆಯಾಗುತ್ತದೆ. ಹಸಿವು ಅದರ ಜೊತೆಗೆ ಇಳಿಯುವುದಿಲ್ಲ, ಏರುತ್ತದೆ. ಇದನ್ನು ಮುದ್ದೆಯ ಲೆಕ್ಕಕ್ಕೆ ತಿರುಗಿಸಿ ನೋಡಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ. ಒಂದು ಸಾಧಾರಣ ದೊಡ್ಡ ಮುದ್ದೆ ಎಂದರೆ ಅಷ್ಟು ಹಿಟ್ಟು. (ರಾಗಿ ಎಷ್ಟು ತಿಂದರೂ ತೂಕ ಏರುವುದಿಲ್ಲವೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ಗೋಧಿಹಿಟ್ಟಿನಲ್ಲಿರುವ ಕ್ಯಾಲೊರಿಯೂ ಹೆಚ್ಚುಕಡಿಮೆ ಇಷ್ಟೇ. ರಾಗಿಯ ನಾರು, ಸುಣ್ಣದ ಅಂಶ ಬೇರೆ ಮಾತು.) 76ರಿಂದ 68ಕ್ಕೆ ಇಳಿದು ಅಲ್ಲೇ ನಿಲ್ಲಬೇಕಾದರೆ ಇಂದಿನ ಊಟದಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, ಅಂದರೆ ಅರ್ಧ ಮುದ್ದೆಗಿಂತ ತುಸು ಹೆಚ್ಚು, ಶಾಶ್ವತವಾಗಿ ಕಡಿಮೆಯಾಗಬೇಕು ಅಥವಾ ಅಷ್ಟನ್ನು ನಡೆದು ಸರಿದೂಗಿಸಬೇಕು. ಮಧ್ಯಾಹ್ನದ ಅನ್ನದಲ್ಲಿ ಒಂದು ಸೌಟು, ಸಂಜೆಯ ಕಾಫಿಯ ಸಕ್ಕರೆ, ಜೊತೆಗಿನ ನಿಪ್ಪಟ್ಟು ಬಿಟ್ಟರೆ ಅದು ಆಗುವ ಕೆಲಸ. 54ಕ್ಕೆ ಇಳಿದು ನಿಲ್ಲಬೇಕಾದರೆ ದಿನಕ್ಕೆ 550ರ ಸುಮಾರು ಬೇಕು. ಅದು ಒಂದೂಮುಕ್ಕಾಲು ಮುದ್ದೆ. ಪ್ರತಿ ದಿನ, ಹಬ್ಬಕ್ಕೂ ನೆಂಟರ ಮನೆಗೂ ವಿನಾಯಿತಿಯಿಲ್ಲದೆ, ಇಂದಿಗಿಂತ ಹೆಚ್ಚಿನ ಹಸಿವನ್ನು ಹೊಟ್ಟೆಯಲ್ಲಿಟ್ಟುಕೊಂಡು. ಕೆಲವರು ಮಾಡುತ್ತಾರೆ, ಇಲ್ಲವೆನ್ನಲಾರೆ. ಆದರೆ ಅವರ ದಿನದ ಬಹುಭಾಗ ಅದಕ್ಕೇ ಮೀಸಲಾಗಿರುತ್ತದೆ.

54ರ ಬಗ್ಗೆ ಇನ್ನೂ ಒಂದು ಮಾತಿದೆ. 23ನೇ ವಯಸ್ಸಿನ 54 ಕಿಲೋ ಮತ್ತು 46ನೇ ವಯಸ್ಸಿನ 54 ಕಿಲೋ ಒಂದೇ ಮೈಯಲ್ಲ. ತೂಕ ಇಳಿಸುವಾಗ ಹೋಗುವುದೆಲ್ಲ ಕೊಬ್ಬಲ್ಲ. ಸುಮಾರು ಕಾಲು ಭಾಗ ಸ್ನಾಯು ಮುಂತಾದವು. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾಗುತ್ತಿರುವ ನಿಮಗೆ ಸ್ನಾಯುವೂ ಮೂಳೆಯೂ ಹೇಗಿದ್ದರೂ ಸವೆಯುವ ಕಾಲ ಇದು. 22 ಕಿಲೋ ಇಳಿಸಹೊರಟರೆ ಆ ಸವೆತಕ್ಕೆ ನಾವೇ ಕೈಹಚ್ಚಿದಂತೆ. ಪುಡಿಯ ನಾಲ್ಕು ತಿಂಗಳಲ್ಲಿ ನೀವು 12 ಕಿಲೋ ಕಳೆದು 12 ಕಿಲೋ ಪಡೆದಿರಿ, ಲೆಕ್ಕ ಸರಿಹೋಯಿತು ಎಂದು ಕಾಣುತ್ತದೆ. ಕಳೆದದ್ದರಲ್ಲಿ ಸ್ನಾಯುವಿನ ಪಾಲಿತ್ತು, ಮರಳಿ ಬಂದದ್ದು ಬಹುಮಟ್ಟಿಗೆ ಕೊಬ್ಬು. ಅವಸರದ ಇಳಿಕೆಯಲ್ಲಿ ಪಿತ್ತಕೋಶದ ಕಲ್ಲು ಕಾಣಿಸಿಕೊಳ್ಳುವುದೂ, ಎರಡು ಮೂರು ತಿಂಗಳ ನಂತರ ಬಾಚಣಿಗೆ ತುಂಬ ಕೂದಲು ಬರುವುದೂ ನಾವು ಆಗಾಗ ನೋಡುವ ಸಂಗತಿಗಳು. ಅತ್ತೆಯವರು ‘ಮುಖ ಬತ್ತುತ್ತೆ’ ಎಂದದ್ದನ್ನು ತಳ್ಳಿಹಾಕಬೇಡಿ. ಬೇಗ ಇಳಿದವರ ಕೆನ್ನೆ ಕುಸಿಯುವುದು ಕಣ್ಣಿಗೆ ಕಾಣುವ ಸತ್ಯ. ನಿಧಾನವಾಗಿ ಇಳಿದು, ದಿನಕ್ಕೆರಡು ಹೊತ್ತು ಹುರುಳಿ, ಕಡಲೆ, ಮೊಸರು ಅಥವಾ ಮೊಟ್ಟೆಯಂಥದ್ದು ತಟ್ಟೆಯಲ್ಲಿದ್ದರೆ ಅಷ್ಟಾಗಿ ಕಾಣುವುದಿಲ್ಲ.

ಗುರಿಯನ್ನು ತಪ್ಪಾಗಿ ಬರೆದುಕೊಡುವುದರಿಂದ ಏನಾಗುತ್ತದೆಂದು ನಾನೇ ಮಾಡಿದ ತಪ್ಪಿನಿಂದ ಕಲಿತಿದ್ದೇನೆ. ವೃತ್ತಿಯ ಆರಂಭದ ದಿನಗಳಲ್ಲಿ ಒಬ್ಬ ಗೃಹಿಣಿಗೆ ಪಟ್ಟಿ ನೋಡಿ ‘56’ ಎಂದು ಚೀಟಿಯ ಮೂಲೆಯಲ್ಲಿ ಬರೆದು ಸುತ್ತು ಹಾಕಿಕೊಟ್ಟಿದ್ದೆ. ಒಂದು ವರ್ಷ ಪ್ರತಿದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಆಕೆ 76ರಿಂದ 68ಕ್ಕೆ ಬಂದರು. ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು, ಬಿಪಿಯ ಎರಡು ಮಾತ್ರೆ ಒಂದಾಗಿತ್ತು. ನಾನು ಸಂತೋಷದಿಂದ ವರದಿ ಓದುತ್ತಿದ್ದರೆ ಅವರು ಆ ಹಳೆಯ ಚೀಟಿಯನ್ನು ಪರ್ಸಿನಿಂದ ಬಿಡಿಸಿ ಮೇಜಿನ ಮೇಲಿಟ್ಟು, ‘ಇನ್ನೂ ಹನ್ನೆರಡು ಬಾಕಿ ಇದೆಯಲ್ಲ ಡಾಕ್ಟ್ರೇ, ನನ್ನ ಕೈಲಿ ಆಗಲ್ಲ’ ಎಂದು ಕಣ್ಣೊರೆಸಿಕೊಂಡರು. ಅದಾದ ಮೇಲೆ ನಡಿಗೆಗೂ ಬರಲಿಲ್ಲ, ನನ್ನಲ್ಲಿಗೂ ಬಹಳ ದಿನ ಬರಲಿಲ್ಲ. ಗೆದ್ದವರನ್ನು ಸೋತವರನ್ನಾಗಿ ಮಾಡಿದ್ದು ಆ ಸುತ್ತು ಹಾಕಿದ ಅಂಕಿ, ಅದನ್ನು ಬರೆದವನು ನಾನು. ಅಂದಿನಿಂದ ಒಂದು ಚೀಟಿಯಲ್ಲಿ ಮುಂದಿನ ಆರು ತಿಂಗಳ ಅಂಕಿಯನ್ನು ಮಾತ್ರ ಬರೆಯುತ್ತೇನೆ.

ತೂಕಕ್ಕಿಂತಲೂ ಹೆಚ್ಚಾಗಿ ನಾನು ನಂಬುವ ಇನ್ನೊಂದು ಅಳತೆ ಸೊಂಟದ ಸುತ್ತಳತೆ. ನಿಮ್ಮ ಪತ್ರದಲ್ಲಿ ಅದೊಂದು ಇಲ್ಲ. ಕೇಳಿದರೆ ಹೆಚ್ಚಿನವರು ಪ್ಯಾಂಟಿನ ಸೈಜನ್ನೋ ದರ್ಜಿಯ ಅಳತೆಯನ್ನೋ ಹೇಳುತ್ತಾರೆ. ಸೀರೆ ಉಡುವವರು ಟೇಪನ್ನು ಲಂಗದ ಲಾಡಿ ಕಟ್ಟಿ ಗೆರೆ ಬಿದ್ದ ಜಾಗಕ್ಕೇ ಸುತ್ತುತ್ತಾರೆ. ಆ ಗೆರೆ ಹೊಟ್ಟೆಯ ಕೆಳಗೆ ಜಾರಿರುತ್ತದೆ, ಅಳತೆ ತಪ್ಪುತ್ತದೆ. ಬೆರಳಿನಿಂದ ಪಕ್ಕೆಯ ಕಡೆಯ ಮೂಳೆಯ ಕೆಳತುದಿಯನ್ನು ಹುಡುಕಿ, ಆಮೇಲೆ ಸೊಂಟದ ಮೂಳೆಯ ಮೇಲ್ತುದಿಯನ್ನು ಹುಡುಕಿ. ಅವೆರಡರ ನಟ್ಟನಡುವೆ, ಬರಿಮೈಯ ಮೇಲೆ, ನೆಲಕ್ಕೆ ಸಮಾನಾಂತರವಾಗಿ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆಳೆದುಕೊಳ್ಳುವುದರಿಂದ ಮೋಸ ಹೋಗುವವರು ನೀವೇ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಎತ್ತರದ ಅರ್ಧಕ್ಕಿಂತ ಸೊಂಟ ಕಡಿಮೆಯಿರಬೇಕೆಂಬ ಲೆಕ್ಕವೂ ಇದೆ. ನಿಮ್ಮ ಎತ್ತರಕ್ಕೆ ಅದು 79, ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಹೊಟ್ಟೆಯೊಳಗೆ ಯಕೃತ್ತಿನ ಸುತ್ತ ಸೇರಿದ ಕೊಬ್ಬೇ ಸಕ್ಕರೆಯನ್ನು ಕೆಡಿಸುವುದರಿಂದ, ತೂಕ ನಿಂತಲ್ಲೇ ನಿಂತು ಸೊಂಟ ಮೂರು ಸೆಂಟಿಮೀಟರ್ ಇಳಿದಿದ್ದರೂ ಅದು ಗೆಲುವೇ. ಮೈಸೂರಿನ ಕಂಪ್ಯೂಟರ್ ಕಂಪನಿಗಳಿಂದ ನನ್ನಲ್ಲಿಗೆ ಬರುವ ಎಷ್ಟೋ ಯುವಕರ ಬಿಎಂಐ 24, ಸೊಂಟ 96. ಅವರಿಗೆ ನಾನು ಕಿಲೋಗಳಲ್ಲಿ ಗುರಿ ಕೊಡುವುದೇ ಇಲ್ಲ, ಸೆಂಟಿಮೀಟರುಗಳಲ್ಲಿ ಕೊಡುತ್ತೇನೆ.

70–71 ಎಂದು ಎರಡು ಅಂಕಿ ಬರೆದದ್ದು ಕೈತಪ್ಪಿ ಅಲ್ಲ. ಯಾರ ತೂಕವೂ ಒಂದೇ ಅಂಕಿಯ ಮೇಲೆ ನಿಲ್ಲುವುದಿಲ್ಲ. ಉಪ್ಪು, ನೀರು, ಮಲಬದ್ಧತೆ, ಮುಟ್ಟಿನ ದಿನಗಳಿಗೆ ತಕ್ಕಂತೆ ಒಂದೆರಡು ಕಿಲೋ ಮೇಲೆ ಕೆಳಗೆ ಆಡುತ್ತದೆ. ಭಾನುವಾರ ಬೀಗರ ಊಟ ಉಂಡು ಸೋಮವಾರ ತಕ್ಕಡಿ ಹತ್ತಿದರೆ ಒಂದೂವರೆ ಕಿಲೋ ಏರಿರಬಹುದು. ಒಂದು ಕಿಲೋ ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ಹೋಗಬೇಕು. ಎಂಥ ಬೀಗರೂ ಒಂದೇ ಪಂಕ್ತಿಯಲ್ಲಿ ಅಷ್ಟು ಬಡಿಸಲಾರರು. ಅದು ನೀರು, ಮೂರು ದಿನಕ್ಕೆ ಇಳಿಯುತ್ತದೆ. ಇದೇ ಕಾರಣಕ್ಕೆ ಪಥ್ಯದ ಮೊದಲ ವಾರ ಸರ್ರನೆ ಇಳಿಯುವ ಎರಡು ಕಿಲೋವನ್ನೂ ನಂಬಬೇಡಿ. ವಾರಕ್ಕೆ ಎರಡು ಸಲ, ಬೆಳಗ್ಗೆ ಶೌಚ ಮುಗಿಸಿ ಕಾಫಿಗೆ ಮುಂಚೆ, ನೈಟಿಯಲ್ಲೋ ಅಂಥದೇ ಹಗುರ ಬಟ್ಟೆಯಲ್ಲೋ ತೂಗಿಕೊಳ್ಳಿ. ರೇಷ್ಮೆ ಸೀರೆ, ಬಳೆ, ಸರಗಳ ಸಮೇತ ಕ್ಲಿನಿಕ್ಕಿನಲ್ಲಿ ತೂಗಿದ್ದಕ್ಕೂ ಇದಕ್ಕೂ ಒಂದು ಕಿಲೋ ವ್ಯತ್ಯಾಸ ಸುಲಭವಾಗಿ ಬರುತ್ತದೆ. ತಕ್ಕಡಿಯನ್ನು ನೆಲದ ಕಲ್ಲುಗಳ ಸಂದಿಯ ಮೇಲಿಡದೆ ಸಮವಾದ ಜಾಗದಲ್ಲಿಟ್ಟು, ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಅಡುಗೆಮನೆಯ ಕ್ಯಾಲೆಂಡರಿನ ಮನೆಯಲ್ಲಿ ಅಂಕಿ ಬರೆದು, ತಿಂಗಳ ಸರಾಸರಿಯನ್ನು ಮಾತ್ರ ಹಿಂದಿನ ತಿಂಗಳ ಸರಾಸರಿಯೊಂದಿಗೆ ಹೋಲಿಸಿ. ತಿಂಗಳಿಗೆ ಒಂದು ಕಿಲೋ ಇಳಿಯುತ್ತಿದ್ದರೆ ಸಾಕು.

70ಕ್ಕೆ ಬಂದು ಮೂರು ತಿಂಗಳು ನಿಂತ ಮೇಲೆ ಏನು? ಎಚ್‌ಬಿಎ1ಸಿ 5.7ಕ್ಕಿಂತ ಕೆಳಗೆ ಬಂದು, ಬಿಪಿ 130/80ರ ಆಸುಪಾಸಿನಲ್ಲಿದ್ದು, ಮಂಡಿ ಹಗುರಾಗಿದ್ದರೆ ಅಲ್ಲೇ ಉಳಿಯಲು ನಿಮಗೆ ಪೂರ್ಣ ಹಕ್ಕಿದೆ. ಬಿಎಂಐ 28 ಎಂದು ಯಾರಾದರೂ ಮೂಗು ಮುರಿದರೆ ವರದಿ ತೋರಿಸಿ. ಸಕ್ಕರೆ 5.9–6.0ರಲ್ಲೇ ತೂಗಾಡುತ್ತಿದ್ದರೆ, ಅಥವಾ ಸೊಂಟ 85 ಮೀರಿಯೇ ಇದ್ದರೆ, 66–67ರ ಎರಡನೆಯ ಹಂತಕ್ಕೆ ಹೊರಡಿ. ಅಲ್ಲಿಗೆ ತಲುಪಿದವರು ಇನ್ನೂ ಇಳಿಯಬೇಕೇ ಎಂಬುದನ್ನು ಸೊಂಟ ಮತ್ತು ರಕ್ತಪರೀಕ್ಷೆ ಹೇಳಬೇಕು, ಕನ್ನಡಿ ಹೇಳಬಾರದು. ತಕ್ಕಡಿ ಗುರಿಗಿಂತ ಎರಡು ಕಿಲೋ ಮೇಲೆ ಎರಡು ವಾರ ನಿಂತರೆ ಊಟವನ್ನು ಬಿಗಿ ಮಾಡಿ. ಐದು ಕಿಲೋ ಏರುವ ತನಕ ನೋಡದೆ ಇರುವುದೇ ಕಳೆದ ಸಲ ನೀವು ಸೋತ ಬಗೆ.

ನನ್ನ ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ ಈಗಾಗಲೇ ಬಂದು ಆರು ವರ್ಷದೊಳಗಿದ್ದು, ಮಾತ್ರೆಯಿಲ್ಲದೆ ಅದನ್ನು ಹಿಮ್ಮೆಟ್ಟಿಸಬೇಕೆಂದರೆ ಗುರಿ ದೊಡ್ಡದಾಗಬೇಕಾಗುತ್ತದೆ: ಬ್ರಿಟನ್ನಿನಲ್ಲಿ ನಡೆದ ಪ್ರಯೋಗದಲ್ಲಿ 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಶೇ. 86 ಮಂದಿಗೆ ಒಂದು ವರ್ಷದಲ್ಲಿ ಸಕ್ಕರೆ ಹತೋಟಿ ಮಾತ್ರೆಯಿಲ್ಲದೆಯೇ ಸಿಕ್ಕಿತು. ಅದು ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಮಾಡಬೇಕಾದ ಕೆಲಸ. ಸಕ್ಕರೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿ ಊಟ ಕಡಿತ ಮಾಡಿದರೆ ಸಕ್ಕರೆ ಏಕಾಏಕಿ ಕುಸಿದು ಬೀಳುವ ಅಪಾಯವಿದೆ. ಯಕೃತ್ತಿನಲ್ಲಿ ಕೊಬ್ಬು ಸೇರಿರುವವರಿಗೆ ಗುರಿ, ಇರುವ ತೂಕದಲ್ಲಿ ಶೇ. 7ರಿಂದ 10 ಇಳಿಸುವುದು. ಎಪ್ಪತ್ತು ದಾಟಿದವರಿಗೆ ನಾನು ಇಳಿಸಿ ಎನ್ನುವುದೇ ಅಪರೂಪ. ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯುತ್ತಿದ್ದರೆ ಯಾವ ವಯಸ್ಸಿನವರಾದರೂ ಸಂತೋಷಪಡದೆ ಮೊದಲು ಪರೀಕ್ಷೆ ಮಾಡಿಸಬೇಕು.

ನಾಳೆ ಜಿಮ್‌ಗೆ ಹೋದಾಗ ಆ ಕಾರ್ಡಿನ 53ನ್ನು ಹೊಡೆದುಹಾಕಿಸಿ 70 ಎಂದು ಬರೆಸಿ, ಅದರ ಕೆಳಗೆ ‘ಮಂಡಿನೋವಿದೆ’ ಎಂದೂ ಬರೆಸಿ. ಟ್ರೆಡ್‌ಮಿಲ್‌ನ ಓಟಕ್ಕಿಂತ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮಗಳನ್ನು ವಾರಕ್ಕೆ ಎರಡು ದಿನ ಹೇಳಿಕೊಡಲು ಕೇಳಿ. ಇಂದು ಸಂಜೆಯೇ ಟೇಪು ಹಿಡಿದು ಸೊಂಟ ಅಳೆದು, ಕ್ಯಾಲೆಂಡರಿನಲ್ಲಿ ಮೊದಲ ಅಂಕಿಯಾಗಿ ಅದನ್ನೇ ಬರೆದುಕೊಳ್ಳಿ. ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೆ ಮುಂಚೆ ಮತ್ತೆ ಮಾಡಿಸಬೇಡಿ. ಅದು ಮೂರು ತಿಂಗಳ ಸರಾಸರಿಯಾದ್ದರಿಂದ ಬೇಗ ನೋಡಿದರೆ ಹಳೆಯ ದಿನಗಳ ಪಾಲೂ ಅದರಲ್ಲಿ ಸೇರಿಕೊಂಡಿರುತ್ತದೆ.